ಆರು ಹಾಳೆಯಷ್ಟು ಜಾಗ

ಬಾಳೆಯೆಲೆಯ ಮೇಲೆ ಬಡಿಸಿ ಹಿರಿಯರಿಗೆ ಇಡುವುದೂ ಎಡೆ, ಎರಡು ವಸ್ತುಗಳ ನಡುವೆ ಬಿಟ್ಟ ಜಾಗವೂ ಎಡೆ. ಕನ್ನಡದ ಈ ಮಾತು ನನಗೆ ಇಷ್ಟ. ಆದರೆ ನಾನು ಕೆಲಸ ಮಾಡುವ ಬೆಂಗಳೂರಿನ ಗ್ಯಾರೇಜಿನಲ್ಲಿ ಇದನ್ನು ಯಾರೂ ಬಳಸುವುದಿಲ್ಲ. ಅಲ್ಲಿ ಅದು ‘ಗ್ಯಾಪು’. ಕಂಪನಿಯ ಪುಸ್ತಕದಲ್ಲಿ ‘ಕ್ಲಿಯರೆನ್ಸ್’. ಬಿಚ್ಚಿದ ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನು ಮತ್ತೆ ಜೋಡಿಸುವವನಿಗೆ ದಿನದ ಅರ್ಧ ಹೊತ್ತು ಈ ಗ್ಯಾಪಿನದೇ ಚಿಂತೆ.

ಆಟೋಮ್ಯಾಟಿಕ್ ಎಂದರೆ ಈಗ ಹಲವು ಬಗೆ. ಎಎಂಟಿ ಕಾರುಗಳ ಒಳಗಿರುವುದು ಮಾಮೂಲಿ ಗೇರ್‌ಬಾಕ್ಸೇ. ಕಾಲು ಮಾಡುತ್ತಿದ್ದ ಕ್ಲಚ್ಚಿನ ಕೆಲಸವನ್ನೂ ಕೈ ಮಾಡುತ್ತಿದ್ದ ಗೇರ್ ಬದಲಿಸುವ ಕೆಲಸವನ್ನೂ ಯಂತ್ರ ಮಾಡುತ್ತದೆ, ಅಷ್ಟೆ. ನಾನು ಹೇಳುತ್ತಿರುವುದು ಟಾರ್ಕ್ ಕನ್ವರ್ಟರ್ ಇರುವ ಬಗೆ. ಇದರ ಹಿರೀಕ ಅಮೆರಿಕದ ಜನರಲ್ ಮೋಟಾರ್ಸ್ 1939ರಲ್ಲಿ ಪರಿಚಯಿಸಿದ ಹೈಡ್ರಾಮ್ಯಾಟಿಕ್. ಅದರಲ್ಲಿ ಕನ್ವರ್ಟರ್ ಬದಲು ಫ್ಲೂಯಿಡ್ ಕಪ್ಲಿಂಗ್ ಇತ್ತು. ಆದರೆ ಎಣ್ಣೆಯ ಒತ್ತಡದಿಂದ ಬಿಲ್ಲೆಗಳನ್ನು ಒಂದಕ್ಕೊಂದು ಅದುಮಿ ಗೇರ್ ಬದಲಿಸುವ ಉಪಾಯ ಆಗಲೇ ಬಂದಿತ್ತು.

ಆ ಬಿಲ್ಲೆಗಳ ಕಟ್ಟೇ ಕ್ಲಚ್ ಪ್ಯಾಕ್. ಒಂದು ಡ್ರಮ್ಮಿನೊಳಗೆ ಉಕ್ಕಿನ ಬಿಲ್ಲೆ, ಫ್ರಿಕ್ಷನ್ ಬಿಲ್ಲೆ, ಮತ್ತೆ ಉಕ್ಕು, ಮತ್ತೆ ಫ್ರಿಕ್ಷನ್ ಎಂದು ಜೋಡಿಸುತ್ತಾ ಹೋಗುತ್ತೇವೆ. ಉಕ್ಕಿನ ಬಿಲ್ಲೆಯ ಹಲ್ಲುಗಳು ಹೊರಗಡೆ ಡ್ರಮ್ಮನ್ನು ಹಿಡಿಯುತ್ತವೆ, ಫ್ರಿಕ್ಷನ್ನಿನ ಹಲ್ಲುಗಳು ಒಳಗಡೆ ಹಬ್ಬನ್ನು. ಕೆಳಗಿನ ಪಿಸ್ಟನ್ನಿಗೆ ಎಣ್ಣೆ ನುಗ್ಗಿದಾಗ ಎಲ್ಲವೂ ಒತ್ತಿಕೊಂಡು ಒಂದಾಗಿ ತಿರುಗುತ್ತವೆ. ಎಣ್ಣೆ ಹಿಂದೆ ಸರಿದಾಗ ಸ್ಪ್ರಿಂಗು ಪಿಸ್ಟನ್ನನ್ನು ತಳ್ಳಿ ಬಿಡಿಸುತ್ತದೆ. ಫ್ರಿಕ್ಷನ್ ಬಿಲ್ಲೆಯ ಮೇಲೆ ಅಂಟಿಸಿರುವುದು ಒಂದು ಜಾತಿಯ ಕಾಗದವೇ. ಸೆಲ್ಯುಲೋಸ್ ನಾರಿಗೆ ರಾಳ ಕುಡಿಸಿ ಮಾಡಿದ್ದು. ಸಾವಿರದೈನೂರು ಕಿಲೋ ತೂಗುವ ಕಾರನ್ನು ಏರಿಯಲ್ಲಿ ಎಳೆಯುವುದು ಈ ಕಾಗದದ ಹಿಡಿತ.

ಗೇರ್‌ಬಾಕ್ಸಿನೊಳಗೆ ನೀರು ಸೇರಿದರೆ ಮೊದಲು ಹಾಳಾಗುವುದೂ ಅದೇ. ಮಳೆಗಾಲದಲ್ಲಿ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ನೀರು ನುಗ್ಗಿ ಎರಡು ದಿನ ಮುಳುಗಿದ್ದ ಒಂದು ಕಾರು ನಮ್ಮಲ್ಲಿಗೆ ಬಂತು. ಎಣ್ಣೆ ಕೆನೆಗಟ್ಟಿದ ಚಹಾದ ಬಣ್ಣಕ್ಕೆ ತಿರುಗಿತ್ತು. ಬಿಲ್ಲೆಗಳ ಲೈನಿಂಗು ಹಳೆಯ ಗೋಡೆಯ ಪೋಸ್ಟರಿನ ಹಾಗೆ ಸುಲಿದು ಬರುತ್ತಿತ್ತು. ಕಾರಿನ ಒಡತಿ ನಿವೃತ್ತ ಟೀಚರು. ಎಡ ಮಂಡಿ ಸವೆದಿರುವುದರಿಂದ ಕ್ಲಚ್ ಒತ್ತುವ ಕಾರು ಅವರಿಂದ ಆಗದು. ಯಜಮಾನರನ್ನು ವಾರಕ್ಕೆ ಮೂರು ಸಲ ಡಯಾಲಿಸಿಸ್ಸಿಗೆ ಕರೆದೊಯ್ಯುವವರು ಅವರೇ.

ಹೊಸ ಬಿಲ್ಲೆಗಳ ಕಿಟ್ ಬಂತು. ಫ್ರಿಕ್ಷನ್ ಬಿಲ್ಲೆಗಳನ್ನು ಗೇರ್ ಎಣ್ಣೆಯಲ್ಲಿ ನೆನೆಹಾಕಿ, ಪ್ಯಾಕ್ ಜೋಡಿಸಿ, ಮೇಲೆ ಪ್ರೆಷರ್ ಪ್ಲೇಟ್ ಇಟ್ಟು ಸ್ನ್ಯಾಪ್ ರಿಂಗ್ ಕೂರಿಸಿದೆ. ರಿಂಗು ಮತ್ತು ಪ್ಲೇಟಿನ ನಡುವೆ ಫೀಲರ್ ಗೇಜಿನ ಎಲೆ ತೂರಿಸಿ ನೋಡುವುದು ಕ್ರಮ. ಒಂದೇ ಕಡೆ ನೋಡಿದರೆ ಸಾಲದು, ಸುತ್ತಲೂ ಮೂರು ನಾಲ್ಕು ಕಡೆ ನೋಡಬೇಕು. ಪ್ಯಾಕಿನಲ್ಲಿ ಅಲೆಯಂತೆ ಬಾಗಿದ ಬಿಲ್ಲೆ ಇದ್ದರೆ ಅದನ್ನು ಅದುಮಿ ಅಳೆಯಬಾರದು. ಆಮೇಲೆ ಡಯಲ್ ಗೇಜ್ ನಿಲ್ಲಿಸಿ, ಎಣ್ಣೆಯ ತೂತಿಗೆ ಗಾಳಿ ಬಿಟ್ಟು ಪಿಸ್ಟನ್ ಎಷ್ಟು ಏಳುತ್ತದೆ ಎಂದೂ ನೋಡಿದೆ. ಎರಡು ಅಳತೆಯೂ ಒಂದೇ ಹೇಳಿದವು: 1.9 ಮಿ.ಮೀ. ಆ ಪ್ಯಾಕಿಗೆ ಪುಸ್ತಕ ಕೊಟ್ಟಿದ್ದು 1.0ರಿಂದ 1.4.

ಒಂದು ಫ್ರಿಕ್ಷನ್ ಬಿಲ್ಲೆಗೆ ಸುಮಾರು ಕಾಲು ಮಿ.ಮೀ. ಎಂಬುದು ಗ್ಯಾರೇಜುಗಳ ಬಾಯಿಲೆಕ್ಕ. ಐದು ಬಿಲ್ಲೆಗೆ 1.25. ಪುಸ್ತಕವೇ ಕೊನೆಯ ಮಾತು, ಆದರೆ ಇಲ್ಲಿ ಎರಡೂ ಒಂದೇ ಹೇಳುತ್ತಿದ್ದವು. ಕಿಟ್ಟಿನ ಬಿಲ್ಲೆ ಒಂದೊಂದೂ ಹಾಳೆಯೊಂದರಷ್ಟು ತೆಳುವಾಗಿತ್ತು. ಐದು ಸೇರಿ ಅರ್ಧ ಮಿ.ಮೀ. ದಾಟಿತ್ತು.

ಗ್ಯಾಪು ಕಡಿಮೆಯಾದರೆ ಬಿಲ್ಲೆಗಳು ಬಿಟ್ಟ ಮೇಲೂ ಒಂದನ್ನೊಂದು ಸವರುತ್ತಲೇ ತಿರುಗುತ್ತವೆ, ಕಾದು ಸುಡುತ್ತವೆ. ಹೆಚ್ಚಾದರೆ ಪಿಸ್ಟನ್ ದೂರ ಚಲಿಸಬೇಕು, ಅದನ್ನು ತುಂಬಲು ಹೆಚ್ಚು ಎಣ್ಣೆ ಬೇಕು. ಗೇರ್ ತಡವಾಗಿ ಬೀಳುತ್ತದೆ. ಅಷ್ಟರಲ್ಲಿ ಎಂಜಿನ್ ಸುಮ್ಮನೆ ಅರಚಿ, ಆಮೇಲೆ ಕಾರು ಜಗ್ಗುತ್ತದೆ. ಇನ್ನೊಂದು ಉಕ್ಕಿನ ಬಿಲ್ಲೆ ಸೇರಿಸೋಣವೆಂದರೆ ಅದರ ದಪ್ಪವೇ 1.8, ಉಳಿಯುವುದು 0.1. ಬೇಕಾದದ್ದು 0.6 ದಪ್ಪ ಹೆಚ್ಚಿರುವ ಪ್ರೆಷರ್ ಪ್ಲೇಟ್. ಅದು ಜೆ.ಸಿ. ರಸ್ತೆಯಲ್ಲಿ ಸಿಗಲಿಲ್ಲ. ಹೊರಗಿನಿಂದ ತರಿಸಲು ಹತ್ತು ದಿನ.

ಟೀಚರು ಬಂದು ಕೇಳಿದರು: “ಎಷ್ಟಪ್ಪಾ ಹೆಚ್ಚಾಗಿರೋದು, ನನಗೆ ಗೊತ್ತಾಗೋ ಹಾಗೆ ಹೇಳು.”

“ನೋಟ್‌ಬುಕ್ಕಿನ ಆರು ಹಾಳೆಯಷ್ಟು, ಮೇಡಂ.”

“ಆರು ಹಾಳೆಗೆ ನಾನು ಅವರನ್ನ ಹತ್ತು ದಿನ ಆಟೋದಲ್ಲಿ ಕರ್ಕೊಂಡು ಹೋಗಬೇಕಾ?”

ಅವರು ಕೇಳಿದ್ದು ನ್ಯಾಯವೇ. ಡಯಾಲಿಸಿಸ್ ಮುಗಿಸಿ ಬರುವ ಮನುಷ್ಯ ಆಟೋದ ಕುಲುಕಾಟದಲ್ಲಿ ಹೇಗಿರುತ್ತಾನೆ ಎಂದು ಹೇಳಬೇಕಾಗಿಲ್ಲ. ನಮ್ಮ ಮೇಸ್ತ್ರಿಯೂ, “ಹಾಗೇ ಕಟ್ಟಿಕೊಡು, ಓಡುತ್ತೆ” ಎಂದರು. ಅವರ ಮಾತೂ ಸುಳ್ಳಲ್ಲ. ಈಗಿನ ಗೇರ್‌ಬಾಕ್ಸಿನ ಕಂಪ್ಯೂಟರು ಪ್ರತಿ ಕ್ಲಚ್ಚು ಹಿಡಿಯಲು ತೆಗೆದುಕೊಳ್ಳುವ ಹೊತ್ತನ್ನು ಗಮನಿಸಿ ಎಣ್ಣೆಯ ಒತ್ತಡ ಸರಿಮಾಡಿಕೊಳ್ಳುತ್ತದೆ. ಕೆಲವು ತಿಂಗಳು ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಆದರೆ ಕಾಗದ ಸವೆದಂತೆ ಗ್ಯಾಪು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಕಂಪ್ಯೂಟರು ಹೊಂದಿಸಿಕೊಳ್ಳುವುದಕ್ಕೂ ಮಿತಿಯಿದೆ. ಆ ಮಿತಿ ಮುಗಿಯುವ ದಿನ ಕಾರಿನ ಹಿಂದಿನ ಸೀಟಿನಲ್ಲಿ ಯಾರಿರುತ್ತಾರೆ ಎಂಬುದು ನನಗೆ ಗೊತ್ತಿತ್ತು. ಕಾಯಬೇಕು ಎಂದೆ. ಅವರು ಬೇಸರದಿಂದಲೇ ಎದ್ದು ಹೋದರು.

ಪ್ಲೇಟ್ ಬಂದಿದ್ದು ಹನ್ನೊಂದನೆಯ ದಿನ. ಕೂರಿಸಿ ಅಳೆದರೆ 1.3. ಗಾಳಿ ಬಿಟ್ಟಾಗ ಪ್ಯಾಕು ‘ಠಪ್’ ಎಂದು ಹಿಡಿಯಿತು, ಬಿಟ್ಟಾಗ ಸದ್ದಿಲ್ಲದೆ ಸಡಿಲಾಯಿತು. ಕಂಪ್ಯೂಟರಿನ ಹಳೆಯ ಕಲಿಕೆ ಅಳಿಸಿ, ಗೇರ್‌ಗಳು ಮೇಲೆ ಕೆಳಗೆ ಆಡುವಂತೆ ಒಂದು ಗಂಟೆ ಓಡಿಸಿದೆ.

ಕಾರು ಒಯ್ಯಲು ಬಂದ ಟೀಚರು ಬಿಲ್ ನೋಡಿ ಹಣ ಎಣಿಸಿ ಕೊಟ್ಟರು. ಆಟೋದ ಖರ್ಚು ಎಷ್ಟಾಯಿತೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಸೀಟಿನಲ್ಲಿ ಕೂತು, ಎಡಗಾಲನ್ನು ಮೆಲ್ಲಗೆ ಒಳಗೆಳೆದುಕೊಂಡು, ಡಿಗೆ ಹಾಕಿದರು. ಕಾರು ಜಗ್ಗಲಿಲ್ಲ. ಗೇಟು ದಾಟಿ ರಸ್ತೆಯ ಏರು ಹತ್ತಿತು.