ಫಾದರ್‌ಗೆ ಕಷ್ಟ ಬಂದ್ರೆ ಫೋನ್ ಯಾರಿಗೆ?

ಪ್ರತಿ ವರ್ಷ ಆಗಸ್ಟ್ 4ರಂದು ಕಥೋಲಿಕ ಚರ್ಚ್‌ಗಳಲ್ಲಿ ಸಣ್ಣದೊಂದು ಸಂಭ್ರಮ. ಧರ್ಮಗುರುಗಳ ಪಾಲಕ ಸಂತ ಜಾನ್ ಮರಿಯ ವಿಯಾನ್ನಿ ಅವರ ಹಬ್ಬ ಅದು. ಪೂಜೆ ಮುಗಿದ ಮೇಲೆ ಫಾದರ್‌ಗೆ ಹೂಗುಚ್ಛ, ಕೇಕು, ಮಕ್ಕಳಿಂದ ಒಂದು ಹಾಡು, ಚರ್ಚ್ ಪಾಲನಾ ಸಮಿತಿಯ ಉಪಾಧ್ಯಕ್ಷರಿಂದ ಎರಡು ಮಾತು. ಫೋಟೋ ವಾಟ್ಸ್ಆ್ಯಪ್ ಗ್ರೂಪ್‌ಗೆ ಬೀಳುತ್ತೆ. ಮರುದಿನದಿಂದ ಎಲ್ಲ ಮಾಮೂಲು. ಮದುವೆ, ಸಾವು, ಶಾಲೆಯ ಸೀಟು, ಗಂಡ-ಹೆಂಡತಿ ಜಗಳ, ಎಲ್ಲದಕ್ಕೂ ಫಾದರ್‌ಗೆ ಫೋನ್.

ಆದ್ರೆ ಫಾದರ್‌ಗೇ ಏನಾದ್ರೂ ಆದ್ರೆ ಅವರು ಯಾರಿಗೆ ಫೋನ್ ಮಾಡ್ತಾರೆ?

ನನಗೆ ಈ ಪ್ರಶ್ನೆ ಹುಟ್ಟಿದ್ದು ಭಕ್ತಿಯಿಂದೇನಲ್ಲ, ನನ್ನ ನೌಕರಿಯಿಂದ. ನಾನು ಸಾಫ್ಟ್‌ವೇರ್ ಎಂಜಿನಿಯರ್. ತಿಂಗಳಿಗೊಂದು ವಾರ ಆನ್‌ಕಾಲ್ ಡ್ಯೂಟಿ. ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದರೆ ಮೊದಲ ಕರೆ ನನಗೆ. ಹತ್ತು ನಿಮಿಷದಲ್ಲಿ ನಾನು ಎತ್ತದಿದ್ದರೆ ಇನ್ನೊಬ್ಬರಿಗೆ, ಅವರೂ ಎತ್ತದಿದ್ದರೆ ಮ್ಯಾನೇಜರ್‌ಗೆ. ಒಬ್ಬರನ್ನೇ ಯಾವತ್ತೂ ಒಂಟಿಯಾಗಿ ಬಿಡಬಾರದು ಅನ್ನೋದು ನಮ್ಮಲ್ಲಿ ಹೊಸದಾಗಿ ಸೇರಿದವರಿಗೂ ಗೊತ್ತಿರೋ ನಿಯಮ. ನನ್ನ ಸೋದರಮಾವ ಮೂವತ್ತು ವರ್ಷದಿಂದ ಆನ್‌ಕಾಲ್‌ನಲ್ಲೇ ಇದ್ದಾರೆ. ಅವರ ಹಿಂದೆ ಎರಡನೆಯವರು ಅಂತ ಯಾರೂ ಇಲ್ಲ. ಅವರು ಪಾದ್ರಿ.

ಅಪ್ಪನೂ ಅವರೇ, ಮಾಲೀಕರೂ ಅವರೇ

ಹೊರಗಿನವರಿಗೆ ಇದು ಸುಲಭಕ್ಕೆ ಅರ್ಥ ಆಗಲ್ಲ. ಕಥೋಲಿಕ ಪಾದ್ರಿಗಳಲ್ಲಿ ಎರಡು ಬಗೆ. ಜೆಸ್ವಿತರು, ಕಪುಚಿನ್‌ಗಳು ಮುಂತಾದ ಸಭೆಗಳಿಗೆ ಸೇರಿದವರಿಗೆ ಒಂದು ಮಠ, ಒಟ್ಟಿಗೆ ಕೂತು ಉಣ್ಣೋ ಮೇಜು ಇರುತ್ತೆ. ಇನ್ನೊಂದು ಬಗೆ ಧರ್ಮಪ್ರಾಂತ್ಯದ ಪಾದ್ರಿಗಳು. ನಿಮ್ಮೂರಿನ ಚರ್ಚ್‌ನಲ್ಲಿ ಇರುವವರು ಹೆಚ್ಚಾಗಿ ಇವರೇ. ಎಷ್ಟೋ ಕಡೆ ಚರ್ಚ್ ಪಕ್ಕದ ಬಂಗಲೆಯಲ್ಲಿ ಒಬ್ಬರೇ ವಾಸ.

ಇವರಿಗೆ ಬಿಷಪ್ ಆಧ್ಯಾತ್ಮಿಕ ತಂದೆ. ಅದೇ ಬಿಷಪ್ ವರ್ಗಾವಣೆ ಮಾಡೋರು. ಇರೋ ಮನೆ, ತಿಂಗಳ ಭತ್ಯೆ ಅವರ ಆಡಳಿತದಿಂದ. ಯಾರಾದರೂ ದೂರು ಕೊಟ್ಟರೆ ವಿಚಾರಣೆ ಶುರು ಮಾಡಬೇಕಾದವರೂ ಅವರೇ. ನಮ್ಮ ಆಫೀಸಿಗೆ ಹೋಲಿಸಿ ನೋಡಿ. ಮ್ಯಾನೇಜರ್, ಎಚ್‌ಆರ್, ಮನೆ ಮಾಲೀಕ, ಅಪ್ಪ ಎಲ್ಲ ಒಬ್ಬರೇ ಆಗಿದ್ದು, ಅವರು ಎಷ್ಟೇ ಒಳ್ಳೆಯವರಾಗಿದ್ದರೂ, ಮನಸ್ಸಿನ ಎಲ್ಲ ಮಾತನ್ನೂ ಅವರ ಹತ್ತಿರ ಹೇಳ್ಕೊಳ್ಳೋಕಾಗುತ್ತಾ?

ಮೂರು ವರ್ಷದ ಹಿಂದೆ ಮಾಮನಿಗೆ ಎದೆನೋವು ಬಂತು. ಮಲೆನಾಡಿನ ಚರ್ಚ್, ರಾತ್ರಿ ಹನ್ನೊಂದು ಗಂಟೆ, ಮಳೆ. ಅಡುಗೆ ಮಾಡುವ ಅಣ್ಣ ಆಟೋ ಹಿಡಿದು ಪೇಟೆಯ ಆಸ್ಪತ್ರೆಗೆ ಸೇರಿಸಿದರು. ಸ್ಟೆಂಟ್ ಹಾಕಬೇಕು, ಯಾರಾದರೂ ಸಹಿ ಮಾಡಿ ಅಂದರು. ಅಮ್ಮ ಬಸ್ಸಲ್ಲಿ ಬರೋಕೆ ಐದು ಗಂಟೆ ಬೇಕಿತ್ತು. ಫಾರಂನಲ್ಲಿ 'ರೋಗಿಗೆ ಏನು ಸಂಬಂಧ' ಅನ್ನೋ ಜಾಗದಲ್ಲಿ ಆ ಅಣ್ಣ 'ಅಡುಗೆಯವರು' ಅಂತ ಬರೆದು ಸಹಿ ಹಾಕಿದ್ರು. ಆ ಫಾರಂನ ಜೆರಾಕ್ಸ್ ಇನ್ನೂ ಅಮ್ಮನ ಫೈಲಿನಲ್ಲಿದೆ.

ಇಲ್ಲಿ ಯಾರದ್ದೂ ತಪ್ಪಿರಲಿಲ್ಲ. ಬೆಳಗಾದ ಮೇಲೆ ಎಲ್ಲರೂ ಬಂದರು, ಬಿಷಪ್ ಕೂಡ ಬಂದರು. ಆದರೆ ರಾತ್ರಿ ಹನ್ನೊಂದಕ್ಕೆ ಯಾರಿಗೆ ಫೋನ್ ಮಾಡಬೇಕು ಅನ್ನೋದು ಎಲ್ಲೂ ಬರೆದಿಟ್ಟಿರಲಿಲ್ಲ.

ಐರ್ಲೆಂಡ್‌ನಲ್ಲಿ ಕೇಳಿದ್ದು

ಅದಾದ ಸ್ವಲ್ಪ ದಿನಕ್ಕೆ ಕಂಪನಿ ನನ್ನನ್ನು ಡಬ್ಲಿನ್‌ಗೆ ಕಳಿಸಿತು, ಒಂದೂವರೆ ವರ್ಷ. ಒಂದು ಕಾಲದಲ್ಲಿ ಜಗತ್ತಿಗೆಲ್ಲ ಪಾದ್ರಿಗಳನ್ನೂ ಸಿಸ್ಟರ್‌ಗಳನ್ನೂ ಕಳಿಸಿದ ದೇಶ ಐರ್ಲೆಂಡ್. ಈಗ ಅಲ್ಲಿಗೇ ಭಾರತದಿಂದ, ನೈಜೀರಿಯಾದಿಂದ ಪಾದ್ರಿಗಳು ಹೋಗ್ತಿದ್ದಾರೆ. ನಾನು ಹೋಗ್ತಿದ್ದ ಚರ್ಚ್‌ನ ಫಾದರ್‌ಗೆ ಎಪ್ಪತ್ತು ದಾಟಿತ್ತು, ಎರಡು ಚರ್ಚ್ ಅವರ ಪಾಲಿಗೆ. ಒಂದು ಭಾನುವಾರ ಪೂಜೆಯ ನಂತರ ಟೀ ಕುಡಿಯುವಾಗ ಮಾಮನ ವಿಷಯ ಹೇಳಿದೆ. ಆಗ ಅವರು ತಮ್ಮ ಸಂಘದ ಬಗ್ಗೆ ಹೇಳಿದರು. ಮನೆಗೆ ಬಂದು ಇನ್ನಷ್ಟು ಓದಿಕೊಂಡೆ.

2009 ಐರ್ಲೆಂಡ್‌ನ ಚರ್ಚ್‌ಗೆ ಕರಾಳ ವರ್ಷ. ಮೇ ತಿಂಗಳಲ್ಲಿ ರಯಾನ್ ವರದಿ, ನವೆಂಬರ್‌ನಲ್ಲಿ ಮರ್ಫಿ ವರದಿ. ಚರ್ಚ್‌ನ ಸಂಸ್ಥೆಗಳಲ್ಲಿ ಮಕ್ಕಳ ಮೇಲೆ ದಶಕಗಳ ಕಾಲ ನಡೆದ ದೌರ್ಜನ್ಯವನ್ನು ಮೊದಲನೆಯದು ಬಿಚ್ಚಿಟ್ಟಿತು. ಡಬ್ಲಿನ್ ಮಹಾಧರ್ಮಪ್ರಾಂತ್ಯದಲ್ಲಿ ಅಂಥ ದೂರುಗಳನ್ನು ಹೇಗೆ ಮುಚ್ಚಿಹಾಕಿದರು ಅನ್ನೋದನ್ನು ಎರಡನೆಯದು ಹೇಳಿತು. ಜನರ ಸಿಟ್ಟು ನ್ಯಾಯವಾದದ್ದೇ. ಆದರೆ ಏನೂ ಮಾಡದ ಪಾದ್ರಿಗಳೂ ಕುತ್ತಿಗೆಯ ಬಿಳಿ ಕಾಲರ್ ತೆಗೆದು ಓಡಾಡುವ ಸ್ಥಿತಿ ಬಂತು. ಪಾದ್ರಿಗಳ ರಾಷ್ಟ್ರೀಯ ಸಮ್ಮೇಳನ ಅಂತ ಹಿಂದೆ ಒಂದಿತ್ತು, ಅದು ಅಷ್ಟರಲ್ಲಾಗಲೇ ಮುಚ್ಚಿಹೋಗಿತ್ತು. ಅತ್ಯಂತ ಅಗತ್ಯ ಇದ್ದ ಹೊತ್ತಿನಲ್ಲೇ ಅವರಿಗೆ ಒಟ್ಟಿಗೆ ಕೂರಲು ಜಾಗ ಇರಲಿಲ್ಲ.

2010ರಲ್ಲಿ ಬ್ರೆಂಡನ್ ಹೋಬನ್, ಶಾನ್ ಮೆಕ್‌ಡೊನಾ, ಟೋನಿ ಫ್ಲಾನರಿ ಮುಂತಾದ ಕೆಲವೇ ಪಾದ್ರಿಗಳು ಸೇರಿ 'ಅಸೋಸಿಯೇಷನ್ ಆಫ್ ಕ್ಯಾಥೋಲಿಕ್ ಪ್ರೀಸ್ಟ್ಸ್' ಶುರು ಮಾಡಿದರು. ಸೆಪ್ಟೆಂಬರ್‌ನಲ್ಲಿ ದೇಶದ ನಡುಮಧ್ಯದ ಪೋರ್ಟ್‌ಲೀಶ್‌ನಲ್ಲಿ ಸಭೆ. ಕೆಲ ವರ್ಷಗಳಲ್ಲಿ ಸದಸ್ಯರ ಸಂಖ್ಯೆ ಸಾವಿರ ದಾಟಿತು. ಬಿಷಪ್‌ಗಳು ಮಾಡಿಕೊಟ್ಟ ಸಂಘ ಅಲ್ಲ ಇದು, ಪಾದ್ರಿಗಳು ತಾವೇ ಕಟ್ಟಿಕೊಂಡದ್ದು.

ಸಂಘ ಹುಟ್ಟಿ ವರ್ಷ ತುಂಬುವ ಮೊದಲೇ ಪರೀಕ್ಷೆ ಬಂತು. 2011ರ ಮೇ ತಿಂಗಳಲ್ಲಿ ಆರ್‌ಟಿಇ ಎಂಬ ಅಲ್ಲಿನ ಸಾರ್ವಜನಿಕ ಟಿವಿ ವಾಹಿನಿ ಒಂದು ತನಿಖಾ ಕಾರ್ಯಕ್ರಮ ಪ್ರಸಾರ ಮಾಡಿತು. ಗಾಲ್ವೇ ಜಿಲ್ಲೆಯ ಪಾದ್ರಿ ಕೆವಿನ್ ರೆನಾಲ್ಡ್ಸ್ ಹಿಂದೆ ಕೀನ್ಯಾದಲ್ಲಿದ್ದಾಗ ಅಪ್ರಾಪ್ತ ಹುಡುಗಿಯ ಮೇಲೆ ಅತ್ಯಾಚಾರ ಮಾಡಿದ್ದಾರೆ, ಅವರಿಗೊಂದು ಮಗುವೂ ಇದೆ ಅನ್ನೋದು ಆರೋಪ. ಪಿತೃತ್ವ ಪರೀಕ್ಷೆಗೆ ಸಿದ್ಧ ಅಂತ ಅವರು ಪ್ರಸಾರಕ್ಕೆ ಮೊದಲೇ ಹೇಳಿದ್ದರು. ಆದರೂ ಪ್ರಸಾರ ಆಯಿತು. ಅವರು ಚರ್ಚ್‌ನ ಹೊಣೆಯಿಂದ ದೂರ ಸರಿಯಬೇಕಾಯಿತು.

ಆಗ ಅವರ ಜೊತೆ ನಿಂತದ್ದು ಈ ಹೊಸ ಸಂಘ. ವಕೀಲರ ನೆರವು ಸಿಗುವಂತೆ ಮಾಡಿತು, ಧೈರ್ಯ ಹೇಳಿತು. ಡಿಎನ್ಎ ಪರೀಕ್ಷೆ ಆ ಮಗು ಅವರದ್ದಲ್ಲ ಅಂತ ತೋರಿಸಿತು. ವಾಹಿನಿ ಕ್ಷಮೆ ಕೇಳಿತು, ನವೆಂಬರ್‌ನಲ್ಲಿ ಪರಿಹಾರ ಕೊಟ್ಟು ಮೊಕದ್ದಮೆ ಇತ್ಯರ್ಥ ಮಾಡಿಕೊಂಡಿತು. 2012ರಲ್ಲಿ ಅಲ್ಲಿನ ಪ್ರಸಾರ ಪ್ರಾಧಿಕಾರ ವಾಹಿನಿಗೆ 2 ಲಕ್ಷ ಯೂರೋ ದಂಡ ಹಾಕಿತು. ಫಾದರ್ ತಮ್ಮ ಊರಿನ ಚರ್ಚ್‌ಗೆ ಮರಳಿದರು.

ಸಂಘ ಇಲ್ಲದಿದ್ದರೂ ಸತ್ಯ ಸತ್ಯವೇ ಆಗಿರುತ್ತಿತ್ತು. ಆದರೆ ಅದನ್ನು ಸಾಬೀತು ಮಾಡಲು ಒಂಟಿ ಮನುಷ್ಯನಿಗೆ ವಕೀಲರು ಬೇಕು, ದುಡ್ಡು ಬೇಕು, ಎಲ್ಲಕ್ಕಿಂತ ಮೊದಲು ನಿಮ್ಮನ್ನು ನಂಬ್ತೀವಿ ಅನ್ನೋ ಒಂದು ಫೋನ್ ಕರೆ ಬೇಕು.

ರಕ್ಷಣೆಯೋ, ಮುಚ್ಚಿಡೋದೋ?

ಇಲ್ಲಿ ಒಂದು ಪ್ರಶ್ನೆ ನಿಮಗೂ ಬಂದಿರುತ್ತೆ. ಮಕ್ಕಳಿಗೆ ಅನ್ಯಾಯ ಆದದ್ದೇ ಒಬ್ಬರನ್ನೊಬ್ಬರು ಕಾಪಾಡಿಕೊಂಡದ್ದರಿಂದ ತಾನೇ? ಮತ್ತೆ ಪಾದ್ರಿಗಳದ್ದೇ ಒಂದು ಸಂಘ ಯಾಕೆ?

ಈ ಅನುಮಾನ ಸರಿಯಾದದ್ದು. ಇದನ್ನು ಪಕ್ಕಕ್ಕಿಟ್ಟು ಸಂಘ ಕಟ್ಟಿದರೆ ಅದು ಸಂಘ ಅಲ್ಲ, ಬೇಲಿ. ನನಗೆ ಅನ್ನಿಸಿದ್ದು ಇಷ್ಟು. ಮುಚ್ಚಿಡುವುದಕ್ಕೆ ಕತ್ತಲೆ ಬೇಕು. ಯಾರ ಹೆಸರೂ ಇಲ್ಲದ, ಯಾರೂ ಉತ್ತರ ಕೊಡಬೇಕಾಗಿಲ್ಲದ ಸ್ನೇಹದ ಜಾಲ ಅದಕ್ಕೆ ಅನುಕೂಲ. ಹೆಸರಿರುವ, ನಿಯಮವಿರುವ, ವರ್ಷಕ್ಕೊಮ್ಮೆ ಸಭೆ ನಡೆಸಿ ಲೆಕ್ಕ ಕೊಡುವ ಸಂಘ ಬಹಿರಂಗದಲ್ಲಿ ಇರುತ್ತೆ. ಆರೋಪ ಬಂದಾಗ ಅದು ಪೊಲೀಸರ ದಾರಿಗೆ ಅಡ್ಡ ನಿಲ್ಲಬಾರದು, ದೂರು ಕೊಟ್ಟವರ ಬಾಯಿ ಮುಚ್ಚಿಸಬಾರದು. ತೀರ್ಪು ಬರುವವರೆಗೆ ಆ ಮನುಷ್ಯ ಒಬ್ಬನೇ ಕೂತು ಹಾಳಾಗದಂತೆ ನೋಡಿಕೊಳ್ಳಬೇಕು, ಅಷ್ಟೇ. ಈ ಗೆರೆಯನ್ನು ಮೊದಲ ದಿನವೇ ಬರೆದಿಡಬೇಕು.

ಇನ್ನೊಂದು ತೊಡಕೂ ಇದೆ. ಐರ್ಲೆಂಡ್‌ನ ಸಂಘ ಬರೀ ಪರಸ್ಪರ ನೆರವಿಗೆ ನಿಲ್ಲಲಿಲ್ಲ. ಪೂಜೆಯ ಪ್ರಾರ್ಥನೆಗಳ ಹೊಸ ಇಂಗ್ಲಿಷ್ ಅನುವಾದ ಬೇಡ ಅಂತು. ಚರ್ಚ್‌ನಲ್ಲಿ ಸುಧಾರಣೆ ಬೇಕು ಅಂತು. ಸ್ಥಾಪಕರಲ್ಲಿ ಒಬ್ಬರಾದ ಟೋನಿ ಫ್ಲಾನರಿ ಮೇಲೆ 2012ರಲ್ಲಿ ವ್ಯಾಟಿಕನ್ ನಿರ್ಬಂಧವನ್ನೂ ಹಾಕಿತು. ಅವರ ವಿಚಾರ ಒಪ್ಪುವವರಿಗೆ ಇದು ಧೈರ್ಯ, ಒಪ್ಪದವರಿಗೆ ದೂರ ನಿಲ್ಲೋಕೆ ಕಾರಣ. ನನ್ನ ಡಬ್ಲಿನ್ ಫಾದರ್ ಹೇಳಿದ್ದು, "ನಮ್ಮಲ್ಲಿ ಕೆಲವರಿಗೆ ಚರ್ಚೆ ಬೇಕಿತ್ತು, ಕೆಲವರಿಗೆ ಬರೀ ಜೊತೆ ಬೇಕಿತ್ತು. ಎರಡನ್ನೂ ಒಂದೇ ಮೇಜಿನ ಮೇಲೆ ಇಡೋದು ಕಷ್ಟ" ಅಂತ.

ಅನುಮತಿ ಅಲ್ಲ, ಹಕ್ಕು

ರಜೆಗೆ ಊರಿಗೆ ಬಂದಾಗ ಇದನ್ನೆಲ್ಲ ಮಾಮನಿಗೆ ಹೇಳಿದೆ. ಮೊದಲು ನಕ್ಕರು. "ನಮಗೇನು ಯೂನಿಯನ್ ಬೇಕಾ? ಸ್ಟ್ರೈಕ್ ಮಾಡಿ ಪೂಜೆ ನಿಲ್ಲಿಸೋದಾ?"

"ಯೂನಿಯನ್ ಅಲ್ಲ ಮಾಮ. ಆವತ್ತು ನಿಮ್ಮ ಫಾರಂಗೆ ಸಹಿ ಹಾಕೋಕೆ ಒಬ್ಬರು ಇರಬೇಕಿತ್ತು, ಅಷ್ಟೇ" ಅಂದೆ. ಅವರು ಸುಮ್ಮನಾದರು.

ಸ್ವಲ್ಪ ಹೊತ್ತಿನ ಮೇಲೆ ಕಪಾಟಿನಿಂದ ಚರ್ಚ್ ಕಾನೂನಿನ ಪುಸ್ತಕ ತೆಗೆದರು. 1983ರ ಸಂಹಿತೆಯ 278ನೇ ವಿಧಿ ಧರ್ಮಪ್ರಾಂತ್ಯದ ಪಾದ್ರಿಗಳಿಗೆ ತಮ್ಮ ಜೀವನಕ್ಕೆ ಹೊಂದುವ ಉದ್ದೇಶಗಳಿಗಾಗಿ ಸಂಘ ಕಟ್ಟಿಕೊಳ್ಳುವ ಹಕ್ಕು ಕೊಡುತ್ತೆ. ಅವರ ಕರ್ತವ್ಯಕ್ಕೆ ಅಡ್ಡಿಯಾಗುವಂಥ ಸಂಘ ಮಾತ್ರ ಬೇಡ ಅನ್ನುತ್ತೆ. ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಪಾದ್ರಿಗಳ ಇಂಥ ಸಂಘಗಳನ್ನು ಪ್ರೋತ್ಸಾಹಿಸಿ ಅಂತ ಹೇಳಿತ್ತು. ಆ ಗಾಳಿಯಲ್ಲೇ ಅಮೆರಿಕದಲ್ಲಿ 1968ರಲ್ಲಿ ಪಾದ್ರಿ ಮಂಡಳಿಗಳ ರಾಷ್ಟ್ರೀಯ ಒಕ್ಕೂಟ ಹುಟ್ಟಿತು. ಭಾರತದಲ್ಲೂ ಧರ್ಮಪ್ರಾಂತ್ಯದ ಪಾದ್ರಿಗಳ ರಾಷ್ಟ್ರಮಟ್ಟದ ಸಮ್ಮೇಳನ ಇದೆ. ಅಂದ್ರೆ ಇದು ಬಂಡಾಯ ಅಲ್ಲ, ಪುಸ್ತಕದಲ್ಲೇ ಇರೋ ದಾರಿ. ಆದ್ರೆ ರಾಷ್ಟ್ರಮಟ್ಟದ ಹೆಸರು ಮಲೆನಾಡಿನ ಮಳೆರಾತ್ರಿಗೆ ತಲುಪಬೇಕಾದರೆ ಕೆಳಗೂ ಎಳೆಗಳು ಇರಬೇಕು.

ಮಾಮ ಮತ್ತು ಸುತ್ತಲಿನ ಮೂವರು ಪಾದ್ರಿಗಳು ಸೋಮವಾರ ಒಟ್ಟಿಗೆ ಊಟ ಮಾಡ್ತಾರೆ. ಭಾನುವಾರದ ದುಡಿಮೆ ಮುಗಿದ ಮೇಲೆ ಅದೇ ಅವರ ವೀಕೆಂಡ್. ಮೀನು ಸಾರು, ಇಸ್ಪೀಟು, ನಗು. ಆ ಊಟ ದೊಡ್ಡದು, ನಾನು ಅಲ್ಲಗಳೆಯಲ್ಲ. ಆದರೆ ಒಬ್ಬರಿಗೆ ವರ್ಗವಾದರೆ ಆ ಮೇಜು ಮುರಿಯುತ್ತೆ. ಹೊಸ ಊರಲ್ಲಿ ಅವರು ಮತ್ತೆ ಒಂಟಿ. ಸಂಘ ಅಂದ್ರೆ ವರ್ಗವಾದರೂ ಮುರಿಯದ ಮೇಜು. ಅದು ಒಂದು ಊರಿಗಿಂತ, ಒಂದು ಧರ್ಮಪ್ರಾಂತ್ಯಕ್ಕಿಂತ ದೊಡ್ಡದಾಗಿರಬೇಕಾದ್ದು ಇದಕ್ಕೇ.

ನಾನು ಮಾಡಿಕೊಟ್ಟದ್ದು ಒಂದು ಶೀಟ್ ಅಷ್ಟೇ. ಹೆಸರು, ರಕ್ತದ ಗುಂಪು, ತಗೊಳ್ಳೋ ಮಾತ್ರೆ, ರಾತ್ರಿ ಯಾರಿಗೆ ಫೋನ್ ಮಾಡಬೇಕು, ಅವರು ಎತ್ತದಿದ್ದರೆ ಇನ್ಯಾರಿಗೆ. ತಾವಾಗಿ ಒಪ್ಪಿ ಬರೆದವರ ವಿವರ ಮಾತ್ರ, ನೋಡೋಕೆ ಅವಕಾಶವೂ ಅವರಿಗೇ. ನಾಲ್ಕು ಸಾಲಿನಿಂದ ಶುರುವಾಗಿ ಈಗ ಹನ್ನೊಂದು ಸಾಲಾಗಿದೆ. ಇಬ್ಬರು ಪಕ್ಕದ ಧರ್ಮಪ್ರಾಂತ್ಯದವರು. ತಿಂಗಳಿಗೆ ಇನ್ನೂರು ರೂಪಾಯಿ ಎತ್ತಿಡೋಣ ಅಂತ ಒಬ್ಬರು ಸೂಚಿಸಿದ್ದಾರೆ. ವಕೀಲರ ನಂಬರ್ ಒಂದಿರಲಿ ಅಂತ ಇನ್ನೊಬ್ಬರು. ಅದಕ್ಕೆ ಮಾತ್ರ ಎಲ್ಲರೂ ಸ್ವಲ್ಪ ಹೊತ್ತು ಮಾತಾಡಲಿಲ್ಲವಂತೆ.

ಮೊನ್ನೆ ಫೋನ್‌ನಲ್ಲಿ ಮಾಮ ಅಂದರು, "ಮುಂದಿನ ವಾರ ಬಿಷಪ್ ಸ್ವಾಮಿಯವರಿಗೆ ಹೋಗಿ ಹೇಳ್ತೀವಿ."

"ಅನುಮತಿ ಕೇಳೋಕಾ?"

"ಅಲ್ಲ. ಗೊತ್ತಿರಲಿ ಅಂತ. ಆಮೇಲೆ, ಅವರ ಹೆಸರೂ ಶೀಟಲ್ಲಿ ಹಾಕೋಣವಾ ಅಂತ ಕೇಳ್ಬೇಕು. ಅವರೂ ಪಾದ್ರಿನೇ ಅಲ್ವಾ? ರಾತ್ರಿ ಅವರಿಗೆ ಎದೆನೋವು ಬಂದ್ರೆ ಯಾರಿಗೆ ಫೋನ್ ಮಾಡ್ತಾರೋ ಏನೋ."