ಉಪ್ಪಿಲ್ಲದ ಸಮುದ್ರ

ನಮ್ಮ ಚಿತ್ರದುರ್ಗ ತಾಲ್ಲೂಕಿನಲ್ಲಿ ಒಂದು ಸಮುದ್ರವಿದೆ. ಅಲ್ಲಿ ಹಡಗಿಲ್ಲ, ತೆರೆಗಳ ಅಬ್ಬರವಿಲ್ಲ, ನೀರಿಗೆ ಉಪ್ಪಿಲ್ಲ. ಕೆರೆಗೂ ಊರಿಗೂ ಒಂದೇ ಹೆಸರು, ಭೀಮಸಮುದ್ರ. ಅಡಿಕೆ ವ್ಯಾಪಾರಕ್ಕೆ ಹೆಸರಾದ ಊರು. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಲೆಡ್ಜರಿನಲ್ಲಿ ಈ ಊರಿನ ಹೆಸರನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ.

ಈಚೆಗೆ ಒಂದು ಭಾನುವಾರ ಮೊಮ್ಮಕ್ಕಳಿಬ್ಬರನ್ನೂ ಕರೆದುಕೊಂಡು ಅಲ್ಲಿಗೆ ಹೋಗಿದ್ದೆ. ಮೊಮ್ಮಗ ಐದನೇ ತರಗತಿ, ಮೊಮ್ಮಗಳು ಮೂರನೆಯದು. ಕೆರೆಯ ಏರಿ ಹತ್ತಿ ನಿಂತದ್ದೇ ಮೊಮ್ಮಗಳು ಕೈಯಲ್ಲಿ ಒಂದಿಷ್ಟು ನೀರು ತೆಗೆದು ನಾಲಿಗೆಗೆ ಮುಟ್ಟಿಸಿಕೊಂಡಳು.

"ತಾತ, ಇದು ಸಮುದ್ರ ಅಲ್ಲ. ಸುಳ್ಳು ಹೇಳಿ ಕರ್ಕೊಂಡು ಬಂದಿದ್ದೀಯ!"

ನಾನು ನಕ್ಕು ವಿವರಿಸಿದೆ. ನಮ್ಮದು ಬಯಲುಸೀಮೆ. ಮಳೆ ಕಡಿಮೆ. ಇಲ್ಲಿಯವರಿಗೆ ನೀರು ತುಂಬಿದ ದೊಡ್ಡ ಕೆರೆ ಕಂಡರೆ ಅದೇ ಸಮುದ್ರ, ಅದೇ ಸಾಗರ. ಹಿರಿಯೂರಿನ ಹತ್ತಿರ ವೇದಾವತಿಗೆ ಕಟ್ಟಿದ ಮಾರಿಕಣಿವೆ ಅಣೆಕಟ್ಟಿನ ನೀರಿಗೆ ವಾಣಿವಿಲಾಸ ಸಾಗರ ಎಂದು ಹೆಸರಿಟ್ಟರು. ಆ ಸಾಗರ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಎಂಬತ್ತೊಂಬತ್ತು ವರ್ಷ ಕಾಯಬೇಕಾಯಿತು! ಹೀಗೆ ಕಾಯುವ ಜನ ನೀರಿಗೆ ದೊಡ್ಡ ಹೆಸರಿಡದೆ ಇರುತ್ತಾರೆಯೇ?

"ಹಾಗಾದ್ರೆ ನಿಜವಾದ ಸಮುದ್ರದ ಕತೆ ಹೇಳು" ಎಂದ ಮೊಮ್ಮಗ.

ಹೋದ ವರ್ಷ ನಾನು ಹೊನ್ನಾವರದ ಹತ್ತಿರದ ಕಾಸರಕೋಡಿಗೆ ಹೋಗಿದ್ದೆ. ಶರಾವತಿ ಕಡಲು ಸೇರುವ ಜಾಗದ ಪಕ್ಕದ ತೀರ. ಸ್ವಚ್ಛ ಕಡಲತೀರಗಳಿಗೆ ಕೊಡುವ ನೀಲಿ ಬಾವುಟದ ಮಾನ್ಯತೆ 2020ರಲ್ಲಿ ಆ ಊರಿಗೆ ಸಿಕ್ಕಿತ್ತು. ಅಲ್ಲಿ ಮರಳಿನ ಮೇಲೆ ಒಂದು ಕಡೆ ಸುತ್ತಲೂ ಬಲೆ ಕಟ್ಟಿದ್ದರು. ಏನೆಂದು ಕೇಳಿದಾಗ ಮೀನುಗಾರರೊಬ್ಬರು, "ಒಳಗೆ ಆಮೆ ಮೊಟ್ಟೆ ಇದೆ ಸಾರ್, ನಾಯಿ ತೋಡಬಾರದು ಅಂತ" ಎಂದರು.

ಅದು ಆಲಿವ್ ರಿಡ್ಲೆ ಎಂಬ ಕಡಲಾಮೆ. ಚಳಿಗಾಲದ ರಾತ್ರಿಗಳಲ್ಲಿ ತಾಯಿ ಆಮೆ ದಡಕ್ಕೆ ಬಂದು, ಹಿಂಗಾಲಿನಿಂದ ಗುಂಡಿ ತೋಡಿ, ನೂರರಷ್ಟು ಮೊಟ್ಟೆ ಇಟ್ಟು, ಮರಳು ಮುಚ್ಚಿ ಕಡಲಿಗೆ ಮರಳುತ್ತದೆ. ಮತ್ತೆ ಬಂದು ನೋಡುವುದಿಲ್ಲ. ಒಂದೂವರೆ ಎರಡು ತಿಂಗಳಿಗೆ ಮರಿಗಳು ತಾವೇ ಹೊರಬಂದು, ಕಡಲಿನ ಮೇಲಿನ ಬೆಳಕನ್ನೇ ಗುರುತು ಹಿಡಿದು ಓಡುತ್ತವೆ. ರಸ್ತೆ ದೀಪ ಜೋರಾಗಿದ್ದರೆ ದಾರಿ ತಪ್ಪಿ ಊರ ಕಡೆ ಬಂದುಬಿಡುತ್ತವೆ. ಬದುಕಿ ದೊಡ್ಡದಾದದ್ದು ಜೆಲ್ಲಿ ಮೀನು ಹಿಡಿದು ತಿನ್ನುತ್ತದೆ. ನೀರಿನಲ್ಲಿ ತೇಲುವ ಪ್ಲಾಸ್ಟಿಕ್ ಕವರು ನೋಡಲು ಥೇಟ್ ಜೆಲ್ಲಿ ಮೀನಿನ ಹಾಗೆಯೇ. ಆಮೆ ನುಂಗುತ್ತದೆ. ಹೊಟ್ಟೆ ಕಟ್ಟಿ ಸಾಯುತ್ತದೆ.

ಇಷ್ಟು ಹೇಳುವಷ್ಟರಲ್ಲಿ ನನ್ನ ಬಾಯಿ ಒಣಗಿತ್ತು. ಜೇಬಿನಿಂದ ಸಿಹಿ ಅಡಿಕೆಪುಡಿಯ ಪೊಟ್ಟಣ ತೆಗೆದು, ಹರಿದು, ಬಾಯಿಗೆ ಸುರಿದುಕೊಂಡು, ಪೊಟ್ಟಣವನ್ನು ಬಿಸಾಡಿದೆ. ನಲವತ್ತು ವರ್ಷದ ಅಭ್ಯಾಸ. ಕೈಗೆ ಯೋಚನೆಯೇ ಬೇಕಿಲ್ಲ.

ಇಬ್ಬರೂ ಸುಮ್ಮನಾದರು. ಮೊಮ್ಮಗಳು ಮೆಲ್ಲಗೆ, "ತಾತ, ಈಗ ತಾನೆ ನೀನೇ ಹೇಳಿದ್ದಲ್ವಾ?" ಎಂದಳು.

ನಾಚಿಕೆಯಾಯಿತು. ಎದ್ದು ಏರಿಯ ಕಲ್ಲು ಹಿಡಿದುಕೊಂಡು ಇಳಿದೆ. ಅಷ್ಟರಲ್ಲಿ ಗಾಳಿ ಬೀಸಿ ಪೊಟ್ಟಣ ನೀರಿಗೆ ಬಿತ್ತು. ಕೋಲು ಚಾಚಿದೆ, ಸಿಗಲಿಲ್ಲ. ಎಪ್ಪತ್ತು ದಾಟಿದ ಮೊಣಕಾಲು ಇನ್ನೊಂದು ಮೆಟ್ಟಿಲು ಇಳಿಯಲು ಒಪ್ಪಲಿಲ್ಲ. ಅದು ಮಿರಮಿರ ಮಿಂಚುತ್ತಾ ದೂರ ಹೋಯಿತು.

"ಅದು ಆ ಮೀನುಗಾರರ ಊರಿಗೆ ಹೋಗುತ್ತಾ?" ಎಂದು ಮೊಮ್ಮಗಳು ಕೇಳಿದಳು.

ಮನೆಗೆ ಬಂದು ಭೂಪಟ ಹರಡಿದೆವು. ಹೊನ್ನಾವರದ ಕಡಲು ನಮಗೆ ಹತ್ತಿರ. ಆದರೆ ನಮ್ಮ ನೀರು ಆ ಕಡೆ ಹರಿಯುವುದೇ ಇಲ್ಲ! ಚಿತ್ರದುರ್ಗ ಸೀಮೆಯ ಹಳ್ಳಗಳು ತುಂಗಭದ್ರೆಗೆ, ತುಂಗಭದ್ರೆ ಕೃಷ್ಣೆಗೆ. ಕೃಷ್ಣೆ ಶ್ರೀಶೈಲ, ನಾಗಾರ್ಜುನಸಾಗರ, ವಿಜಯವಾಡ ದಾಟಿ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿ ಸೇರುತ್ತದೆ. ಆ ತೀರಕ್ಕೂ ಇದೇ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡಲು ಬರುತ್ತವೆ.

"ದಾರಿಯಲ್ಲಿ ಇಷ್ಟೊಂದು ಡ್ಯಾಮ್ ಇವೆ. ಪೊಟ್ಟಣ ಅಲ್ಲೇ ಸಿಕ್ಕಿಕೊಳ್ಳುತ್ತೆ ಬಿಡು" ಎಂದು ಮೊಮ್ಮಗ ನನ್ನ ಪರವಾಗಿ ವಾದಿಸಿದ. ಸಿಕ್ಕಿಕೊಳ್ಳಬಹುದು. ನಮ್ಮ ಕೆರೆ ಕೋಡಿ ಬೀಳುವವರೆಗೆ ಇಲ್ಲಿಯೇ ಕೆಸರಿನಲ್ಲಿ ಕೂತಿರಲೂಬಹುದು. ಆದರೆ ಪ್ಲಾಸ್ಟಿಕ್ ಎಲೆಯಂತೆ ಕೊಳೆಯುವುದಿಲ್ಲ. ಬಿಸಿಲಿಗೆ ಒಡೆದು ಚೂರಾಗುತ್ತದೆ, ಚೂರು ಪುಡಿಯಾಗುತ್ತದೆ. ಪುಡಿಯನ್ನು ಯಾವ ಡ್ಯಾಮಿನ ಬಾಗಿಲು ತಡೆಯುತ್ತದೆ? ಬ್ಯಾಂಕಿನಲ್ಲಿ ಒಂದು ರೂಪಾಯಿ ವ್ಯತ್ಯಾಸ ಬಂದರೂ ರಾತ್ರಿ ಕೂತು ಹುಡುಕುತ್ತಿದ್ದೆವು. ಈ ಲೆಕ್ಕ ಮಾತ್ರ ಇಷ್ಟು ವರ್ಷ ನಾನು ನೋಡಿಯೇ ಇರಲಿಲ್ಲ.

ಮೊಮ್ಮಗಳು ಈ ಕತೆಯನ್ನು ಶಾಲೆಯಲ್ಲಿ ಹೇಳಿದಳು. ಟೀಚರ್ ನನ್ನನ್ನು ಕರೆಸಿದರು. ಗೋಡೆಯ ಭೂಪಟದ ಮೇಲೆ ಮಕ್ಕಳು ನೀಲಿ ನೂಲು ಹಿಡಿದು, ಚಿತ್ರದುರ್ಗದಿಂದ ಬಂಗಾಳ ಕೊಲ್ಲಿಯವರೆಗೆ ಗೆರೆ ಎಳೆದರು. ಕಡಲ ಕಡೆಯ ಮೀನುಗಾರರು ಏನು ಮಾಡುತ್ತಾರೆ ಎಂದೂ ಹೇಳಿದೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಮೀನು ಹಿಡಿಯುವಂತಿಲ್ಲ. ಮೀನು ಮರಿ ಮಾಡಲಿ ಎಂದು ಈ ನಿಯಮ. ಹೊಟ್ಟೆಪಾಡಿನವರೇ ಎರಡು ತಿಂಗಳು ತಡೆದುಕೊಳ್ಳುತ್ತಾರೆ. ಆಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಕೇಳಿದ: "ಅಜ್ಜಾ, ಆ ಆಮೆಗೆ ಗೊತ್ತಾಗುತ್ತಾ, ಕವರು ನಮ್ಮೂರಿಂದ ಬಂದಿದ್ದು ಅಂತ?"

"ಆಮೆಗೆ ಗೊತ್ತಾಗಲ್ಲ ಮರಿ, ನಮಗೆ ಗೊತ್ತಲ್ಲ" ಎಂದೆ. ಬೇರೆ ಉತ್ತರ ನನಗೆ ಹೊಳೆಯಲಿಲ್ಲ.

ನನ್ನಂಥ ಅಜ್ಜ ಅಜ್ಜಿಯರಿಗೆ ಒಂದು ಮಾತು. ನಮ್ಮಪ್ಪ ಎಲೆ, ಅಡಿಕೆ, ಸುಣ್ಣ ಎಲ್ಲವನ್ನೂ ಹಿತ್ತಾಳೆ ಡಬ್ಬಿಯಲ್ಲಿ ಇಡುತ್ತಿದ್ದರು. ದಿನದ ಕೊನೆಗೆ ಬಿಸಾಡಲು ಏನೂ ಉಳಿಯುತ್ತಿರಲಿಲ್ಲ. ಆ ಡಬ್ಬಿಯನ್ನು ಅಟ್ಟದಿಂದ ಇಳಿಸಿ ತೊಳೆದಿಟ್ಟೆ. ಆದರೆ ಅಡಿಕೆ ಜಗಿದರೆ ಬಾಯಿ ಕ್ಯಾನ್ಸರ್ ಬರುತ್ತದೆ ಎಂದು ಮಗಳು ಬಹಳ ದಿನದಿಂದ ಹೇಳುತ್ತಿದ್ದಾಳೆ. ಹಾಗಾಗಿ ಈಗ ಅದರಲ್ಲಿ ಕಲ್ಲುಸಕ್ಕರೆ, ಲವಂಗ ಇದೆ. ಮೊಮ್ಮಕ್ಕಳ ಕೈಯೇ ಹೆಚ್ಚು ಸಲ ಒಳಗೆ ಹೋಗುತ್ತದೆ.

ಮಕ್ಕಳೇ, ನಿಮ್ಮೂರಿನ ಕೆರೆಯ ಕೋಡಿ ನೀರು ಯಾವ ಹಳ್ಳ, ಯಾವ ಹೊಳೆ, ಯಾವ ಕಡಲು ಸೇರುತ್ತದೆ? ಭೂಪಟದಲ್ಲಿ ಬೆರಳಿಟ್ಟು ಹುಡುಕಿ. ಹುಡುಕುವಾಗ ತಾತನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.