ಒಡೆದ ಚಂದ್ರ

ಹೆಸರಾಂತ ಗ್ರಂಥವೊಂದು ತನಗೆ ರುಚಿಸಲಿಲ್ಲವೆಂದು ಹೇಳುವವನ ಪಾಡು, ಮದುವೆಯ ಮನೆಯಲ್ಲಿ ಸಾರಿಗೆ ಉಪ್ಪು ಸಾಲದೆಂದು ಹೇಳುವವನ ಪಾಡಿನಂತೆ. ಪಂಕ್ತಿಯಲ್ಲಿ ಉಂಡವರೆಲ್ಲರೂ ತೃಪ್ತಿಯಿಂದ ತಾಂಬೂಲ ಮೆಲ್ಲುತ್ತಿರುವಾಗ, ಇವನ ನಾಲಗೆಯಲ್ಲಿಯೇ ಏನೋ ದೋಷವಿರಬೇಕೆಂದು ಜನರು ಬಗೆಯುವುದು ಸಹಜ. ಅವನಿಗೂ ಒಮ್ಮೊಮ್ಮೆ ಹಾಗೆಯೇ ತೋರುವುದು. ಅಮೆರಿಕದ ಕಾದಂಬರಿಕಾರರಾದ ನೀಲ್ ಸ್ಟೀಫನ್‌ಸನ್ನರು 2015ರಲ್ಲಿ ಪ್ರಕಟಿಸಿದ ‘ಸೆವೆನೀವ್ಸ್’ ಎಂಬ ವಿಜ್ಞಾನ ಕಾದಂಬರಿಯನ್ನು ಓದಿ ಮುಗಿಸಿದಂದಿನಿಂದ ನನ್ನ ಪಾಡೂ ಇದೇ ಆಗಿದೆ.

ಗ್ರಂಥವು ಸಾಮಾನ್ಯವಾದುದಲ್ಲ. 860ಕ್ಕೂ ಮಿಕ್ಕ ಪುಟಗಳು. 2016ರಲ್ಲಿ, ಅಂದು ಅಮೆರಿಕದ ಅಧ್ಯಕ್ಷರಾಗಿದ್ದ ಒಬಾಮಾ ಅವರೂ, ಶ್ರೀಮಂತರಾದ ಬಿಲ್ ಗೇಟ್ಸ್ ಅವರೂ ತಮ್ಮ ಬೇಸಗೆಯ ಓದಿನ ಪಟ್ಟಿಗಳಲ್ಲಿ ಇದನ್ನು ಸೇರಿಸಿದ್ದರು. ಅದೇ ವರ್ಷ ಹ್ಯೂಗೋ ಪಾರಿತೋಷಕಕ್ಕಾಗಿ ಕೊನೆಯಲ್ಲಿ ಆರಿಸಿದ ಕಾದಂಬರಿಗಳಲ್ಲಿ ಇದೂ ಒಂದಾಗಿತ್ತು. ನನಗೆ ತಂದುಕೊಟ್ಟವನು ನನ್ನ ಸೋದರಳಿಯ. ಎಂಜಿನಿಯರಿಂಗ್ ಓದಿದ ಹುಡುಗ. “ಮಾವ, ನೀವು ಮೂವತ್ತು ವರ್ಷ ಮಕ್ಕಳಿಗೆ ಗಣಿತ ಹೇಳಿಕೊಟ್ಟವರು. ಇದು ನಿಮಗಾಗಿಯೇ ಬರೆದಂತಿದೆ, ಓದಿ” ಎಂದು ಕೈಯಲ್ಲಿಟ್ಟು ಹೋದನು. ಕೆಲವು ತಿಂಗಳ ಮೇಲೆ ಅವನು ದೂರವಾಣಿಯಲ್ಲಿ ವಿಚಾರಿಸಿದಾಗ, “ಬಹಳ ಚೆನ್ನಾಗಿದೆಯಪ್ಪಾ” ಎಂದುಬಿಟ್ಟೆನು. ಆ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಹೇಳದೆ ಉಳಿದ ಅರ್ಧವನ್ನು ಇಲ್ಲಿ ಒಪ್ಪಿಸುತ್ತಿದ್ದೇನೆ.

ಕಥೆಯ ಮೊದಲಲ್ಲಿಯೇ ಚಂದ್ರನು ಒಡೆಯುತ್ತಾನೆ. ಏಕೆ ಒಡೆದನೆಂಬುದನ್ನು ಗ್ರಂಥಕರ್ತರು ಬಿಡಿಸಿ ಹೇಳುವುದಿಲ್ಲ. ಏಳು ದೊಡ್ಡ ಚೂರುಗಳಾದನೆಂದಷ್ಟೇ ತಿಳಿಸುತ್ತಾರೆ. ಆ ಚೂರುಗಳು ಒಂದಕ್ಕೊಂದು ತಾಗಿ ಒಡೆದು, ಒಡೆದವು ಮತ್ತೆ ತಾಗಿ, ಎರಡು ನಾಲ್ಕಾಗಿ ನಾಲ್ಕು ಎಂಟಾಗಿ, ಸುಮಾರು ಎರಡು ವರ್ಷಗಳಲ್ಲಿ ಆಕಾಶವೇ ಬೆಳ್ಳಗಾಗುವುದೆಂದೂ, ಬಳಿಕ ಕಲ್ಲಿನ ಮಳೆ ಸುರಿದು ಭೂಮಿಯು ಸಾವಿರಾರು ವರ್ಷ ಬೇಯುವುದೆಂದೂ ಖಗೋಳಶಾಸ್ತ್ರಜ್ಞನೊಬ್ಬನು ಲೆಕ್ಕ ಹಾಕಿ ತೋರಿಸುತ್ತಾನೆ. ಅಷ್ಟರೊಳಗೆ ಅಂತರಿಕ್ಷ ನಿಲ್ದಾಣದ ಸುತ್ತ ನೂರಾರು ಸಣ್ಣ ನೌಕೆಗಳನ್ನು ಸೇರಿಸಿ, ಮನುಷ್ಯಕುಲದ ಬೀಜವನ್ನಾದರೂ ಉಳಿಸಿಕೊಳ್ಳಬೇಕು. ಮೊದಲ ಎರಡು ಭಾಗಗಳ ಕಥೆ ಇಷ್ಟು.

ಈ ಗ್ರಂಥದಲ್ಲಿ ಲೆಕ್ಕಾಚಾರ ಅತಿಯಾಯಿತೆಂದು ದೂರುವವರುಂಟು. ನನ್ನ ದೂರು ಅದಲ್ಲ. ಲೆಕ್ಕ ಬಂದ ಕಡೆಯೆಲ್ಲ ನಾನು ನೆಟ್ಟಗೆ ಕುಳಿತು ಓದಿದೆನು. ಕಕ್ಷೆಯಲ್ಲಿ ಮುಂದೆ ಹೋಗುತ್ತಿರುವ ನೌಕೆಯನ್ನು ಹಿಂದಿನದು ಹಿಡಿಯಬೇಕಾದರೆ ಅದು ಮೊದಲು ವೇಗವನ್ನು ತಗ್ಗಿಸಬೇಕು. ತಗ್ಗಿಸಿದರೆ ಕೆಳಕ್ಕಿಳಿದು, ಕಿರಿದಾದ ಸುತ್ತನ್ನು ಬೇಗನೆ ಮುಗಿಸಿ, ಮುಂದಿನದನ್ನು ಸಮೀಪಿಸುವುದು. ಆಕಾಶದ ಗಣಿತವು ನೆಲದ ಬುದ್ಧಿಯನ್ನು ಹೀಗೆ ತಲೆಕೆಳಗು ಮಾಡುವುದನ್ನು ನೋಡುವುದೇ ಒಂದು ಸಂತೋಷ. ಚೂರಿಗೆ ಚೂರು ತಾಗಿ ಚೂರುಗಳು ಹೆಚ್ಚುತ್ತ ಹೋಗುವ ಕಲ್ಪನೆಗೂ ಆಧಾರವಿದೆ. ಭೂಮಿಯನ್ನು ಸುತ್ತುವ ಕೃತಕ ಉಪಗ್ರಹಗಳಿಗೆ ಅಂಥ ಗತಿ ಬರಬಹುದೆಂದು ಡೊನಾಲ್ಡ್ ಕೆಸ್ಲರ್ ಎಂಬ ವಿಜ್ಞಾನಿಯೂ ಅವರ ಸಹೋದ್ಯೋಗಿಯೂ 1978ರಷ್ಟು ಹಿಂದೆಯೇ ಬರೆದಿದ್ದರು. ಕಲ್ಲಿನ ವಿಷಯದಲ್ಲಿ ಸ್ಟೀಫನ್‌ಸನ್ನರು ಬಹು ಪ್ರಾಮಾಣಿಕರು.

ನನ್ನ ಮನಸ್ಸು ಮೊದಲು ಮುದುಡಿದುದು ಕಲ್ಲಿನ ಮಳೆ ಸುರಿದ ಸಂದರ್ಭದಲ್ಲಿ. 700 ಕೋಟಿ ಜನರು ಸಾಯುತ್ತಾರೆ. ಬೀಳ್ಕೊಡುಗೆಯ ಮಾತುಗಳು ಇಲ್ಲವೆಂದಲ್ಲ. ಅಲಾಸ್ಕದಲ್ಲಿರುವ ಗಣಿಕೆಲಸದ ತಂದೆಯೂ ಅಂತರಿಕ್ಷದಲ್ಲಿರುವ ಮಗಳೂ ರೇಡಿಯೋವಿನ ಮಾರ್ಸ್ ಸಂಕೇತಗಳಲ್ಲಿ ಮಾತನಾಡಿಕೊಳ್ಳುವುದನ್ನು ನಾನು ಮರೆಯಲಾರೆ. ಆದರೆ ಅಂಥವು ವಿರಳ. ಕೆಲವೇ ಪುಟಗಳಲ್ಲಿ ಭೂಮಿ ಮುಗಿಯುತ್ತದೆ. ಕಥೆಯು ಮತ್ತೆ ಇಂಧನದ ತೂಕಕ್ಕೂ ಮಂಜಿನ ಗಡ್ಡೆಯ ಅಳತೆಗೂ ಹಿಂದಿರುಗುತ್ತದೆ. ಆ ರಾತ್ರಿ ನಾನು ಪುಸ್ತಕವನ್ನು ಮುಚ್ಚಿ ರನ್ನನ ಗದಾಯುದ್ಧವನ್ನು ನೆನೆದೆನು. ಹದಿನೆಂಟು ಅಕ್ಷೌಹಿಣಿಯ ಲೆಕ್ಕ ಅಲ್ಲಿಯೂ ಉಂಟು. ಆದರೆ ಕವಿಯು ದುರ್ಯೋಧನನನ್ನು ರಣರಂಗದ ನಡುವೆ ನಡೆಸುತ್ತಾನೆ. ದ್ರೋಣನ ಬಳಿ ನಿಲ್ಲಿಸುತ್ತಾನೆ, ದುಶ್ಶಾಸನನ ಬಳಿ ನಿಲ್ಲಿಸುತ್ತಾನೆ, ಕರ್ಣನ ಬಳಿ ಬಹಳ ಹೊತ್ತು ನಿಲ್ಲಿಸುತ್ತಾನೆ. ಶತ್ರುವಿನ ಮಗನಾದ ಅಭಿಮನ್ಯುವಿಗೂ ಒಂದು ಒಳ್ಳೆಯ ಮಾತನ್ನು ಆಡಿಸುತ್ತಾನೆ. ಲೋಕ ಮುಳುಗಿತೆಂದು ನಮಗೆ ಅನ್ನಿಸುವುದು ಹೀಗೆ ಒಬ್ಬೊಬ್ಬರ ಬಳಿ ನಿಂತಾಗ. ಒಟ್ಟು ಮೊತ್ತವನ್ನು ಕೇಳಿದಾಗಲ್ಲ.

ಆದರೂ ಇದಿಷ್ಟೇ ಆಗಿದ್ದರೆ ನಾನು ಬಾಯಿ ತೆರೆಯುತ್ತಿರಲಿಲ್ಲ. ಎರಡನೆಯ ಭಾಗದ ಕೊನೆಯಲ್ಲಿ ಅಂತರಿಕ್ಷದಲ್ಲಿ ಬದುಕಿ ಉಳಿದವರಲ್ಲಿ ಮಕ್ಕಳನ್ನು ಹೆರಬಲ್ಲವರು ಏಳು ಮಂದಿ ಹೆಂಗಸರು. ಪುರುಷರು ಯಾರೂ ಇಲ್ಲ. ಬೈಬಲಿನ ಆದಿಮಾತೆಯ ಹೆಸರು ಗ್ರಂಥಕ್ಕೆ ಬಂದುದು ಇವರಿಂದಲೇ. ಅವರಲ್ಲಿ ಒಬ್ಬಳು ಜೀವವಿಜ್ಞಾನವನ್ನು ಬಲ್ಲವಳಾದುದರಿಂದ, ಪುರುಷರಿಲ್ಲದೆಯೇ ಸಂತಾನವಾಗುವ ಉಪಾಯವುಂಟಾಗುತ್ತದೆ. ತನ್ನ ಸಂತತಿಯಲ್ಲಿ ಯಾವ ಗುಣ ಮೇಲಾಗಬೇಕೆಂಬುದನ್ನು ಒಬ್ಬೊಬ್ಬ ತಾಯಿಯೂ ಆರಿಸಿಕೊಳ್ಳುತ್ತಾಳೆ. ಹಾಳೆಯನ್ನು ತಿರುವಿದರೆ 5000 ವರ್ಷ ಕಳೆದಿರುತ್ತದೆ. ಏಳು ತಾಯಂದಿರ ಹೆಸರಿನಲ್ಲಿ ಏಳು ಕುಲಗಳು. ಒಬ್ಬಳ ಸಂತತಿ ಶಿಸ್ತಿನ ಯೋಧರು, ಮತ್ತೊಬ್ಬಳದು ಸಾಧುಸ್ವಭಾವದವರು, ಇನ್ನೊಬ್ಬಳದು ರಾಜಕಾರಣದ ತಂತ್ರಗಾರರು. ಅಂದಿನ ಏಳು ಮಂದಿಯ ಜಗಳವನ್ನೇ ಇವರು ಇಂದಿಗೂ ಮುಂದುವರಿಸುತ್ತಿದ್ದಾರೆ. ಒಂದು ಕುಲದವರಿಗೆ ಮಾತ್ರ ತಮ್ಮ ಪ್ರಕೃತಿಯನ್ನು ಬದಲಾಯಿಸಿಕೊಳ್ಳುವ ಶಕ್ತಿಯುಂಟು. ಆ ಶಕ್ತಿಯೂ ಅವರಿಗೆ ಹುಟ್ಟಿನಿಂದಲೇ ಬಂದುದು!

ಇಲ್ಲಿ ನನಗೆ ಆದುದು ನಿರಾಶೆಗಿಂತ ಹೆಚ್ಚಿನ ನೋವು. ಅದರ ಕಾರಣವನ್ನು ಹೇಳಲು ನನ್ನದೊಂದು ತಪ್ಪನ್ನು ಹೇಳಬೇಕಾಗಿದೆ. ನಾನು ಉಪಾಧ್ಯಾಯನಾಗಿದ್ದಾಗ ಒಂದು ಮನೆಯ ಇಬ್ಬರು ಹುಡುಗರು ಒಬ್ಬರ ಹಿಂದೊಬ್ಬರು ಗಣಿತದಲ್ಲಿ ಅನುತ್ತೀರ್ಣರಾದರು. ಮೂರನೆಯವನು ತರಗತಿಗೆ ಬಂದ ದಿನವೇ ನಾನು, “ಇವರ ವಂಶಕ್ಕೇ ಗಣಿತ ಹತ್ತದು” ಎಂದು ಎಲ್ಲರ ಮುಂದೆ ನಕ್ಕು, ಅವನನ್ನು ಕೊನೆಯ ಬೆಂಚಿನಲ್ಲಿ ಕುಳ್ಳಿರಿಸಿದೆನು. ವರ್ಷವಿಡೀ ಅವನನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮರುವರ್ಷ ರೇಖಾಗಣಿತದ ಒಂದು ಸಮಸ್ಯೆಗೆ ಇಡೀ ತರಗತಿ ಸುಮ್ಮನಿದ್ದಾಗ, ಆ ಹುಡುಗನು ಎದ್ದುಬಂದು, ನನಗೇ ಹೊಳೆಯದಿದ್ದ ಒಂದು ರೇಖೆಯನ್ನೆಳೆದು ಮೂರು ಹೆಜ್ಜೆಗಳಲ್ಲಿ ಅದನ್ನು ಮುಗಿಸಿದನು. ಬಳಿಕ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು, ನನ್ನ ಮುಖವನ್ನು ನೋಡದೆ, ಕೊನೆಯ ಬೆಂಚಿಗೇ ಹಿಂದಿರುಗಿದನು. ಮುಂದೆ ಬಾ ಎಂದು ಕರೆಯುವಷ್ಟು ಧೈರ್ಯ ಅಂದು ನನಗೆ ಬರಲಿಲ್ಲ. ಅವನು ನೋಡದೆ ಹೋದ ಆ ನೋಟವು ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಹುಟ್ಟಿನಿಂದ ಗುಣವನ್ನು ನಿರ್ಣಯಿಸುವ ಚಾಳಿ ನಮ್ಮ ನಾಡಿನಲ್ಲಿ ಹಳೆಯದು. ಅದರ ಫಲವನ್ನು ನಾವು ಉಂಡಿದ್ದೇವೆ, ಇನ್ನೂ ಉಣ್ಣುತ್ತಿದ್ದೇವೆ. 5000 ವರ್ಷದಾಚೆಯ ಲೋಕವನ್ನು ಕಾಣಲು ಹೊರಟ ಧೀಮಂತರೊಬ್ಬರು ಅಲ್ಲಿಯೂ ಇದನ್ನೇ ಕಂಡರಲ್ಲಾ ಎಂಬುದು ನನ್ನ ಅಳಲು. ಇಂತಿಷ್ಟು ತೂಕದ ಕಲ್ಲು ಇಂತಿಷ್ಟು ವೇಗದಲ್ಲಿ ಹೊರಟರೆ ಎಲ್ಲಿ ಬೀಳುವುದೆಂದು ಹೇಳಬಹುದು. ಇಂಥ ತಾಯಿಯ ಮಗುವು ಇಂಥದಾಗುವುದೆಂದು ಹೇಳುವ ಗಣಿತವಿಲ್ಲ. ಚಂದ್ರನು ಏಳು ಚೂರಾದುದನ್ನು ನಂಬಿದ ನಾನು ಮನುಷ್ಯನು ಏಳು ಚೂರಾದುದನ್ನು ನಂಬಲಾರದೆ ಹೋದೆನು.

ಇಷ್ಟೆಲ್ಲ ಬರೆದ ಮೇಲೂ ಈ ಗ್ರಂಥವನ್ನು ಓದಬೇಡಿರೆಂದು ವಾಚಕರಿಗೆ ನಾನು ಹೇಳಲಾರೆ. ಹಳೆಯ ತಪ್ಪೊಂದನ್ನು ನೆನಪಿಗೆ ತಂದುದಕ್ಕಾಗಿ ನಾನು ಅದಕ್ಕೆ ಋಣಿ. ಈ ಸಂಚಿಕೆ ಅಚ್ಚಾದೊಡನೆ ಒಂದು ಪ್ರತಿಯನ್ನು ನನ್ನ ಸೋದರಳಿಯನಿಗೆ ಕಳುಹಿಸುವೆನು. ಒಪ್ಪಿಗೆಯಾಗದಿದ್ದರೆ ಅವನು ಬಂದು ವಾದಿಸಲಿ. ಆ ನೆಪದಲ್ಲಾದರೂ ಹುಡುಗನು ಒಂದು ದಿನ ಊಟಕ್ಕೆ ಬಂದಾನು. ಸಾರಿಗೆ ಉಪ್ಪು ಸಾಲದಿದ್ದರೆ ಹೇಳಿಯೂ ಹೇಳಿಯಾನು.